ಸ್ಟಾರ್ಟ್ ಒತ್ತಿದಾಗ ‘ಢಣ್’: ಕಾಂಪನ್ಸೇಟರ್ ಬಿಚ್ಚುವ ಮೊದಲು ಬ್ಯಾಟರಿ ನೋಡಿ

ಪ್ರಶ್ನೆ: ನನ್ನದು 2009ರ ಹಾರ್ಲೆ-ಡೇವಿಡ್ಸನ್ ಟೂರಿಂಗ್ ಬೈಕ್, ಟ್ವಿನ್ ಕ್ಯಾಮ್ 96 ಎಂಜಿನ್. ಸ್ಟಾರ್ಟ್ ಮಾಡುವಾಗ ಎಡಗಡೆ ಪ್ರೈಮರಿ ಕವರ್ (ಎಂಜಿನ್‌ನಿಂದ ಕ್ಲಚ್‌ಗೆ ಹೋಗುವ ಚೈನ್‌ನ ಮುಚ್ಚಳ) ಒಳಗೆ ಸುತ್ತಿಗೆಯಿಂದ ಹೊಡೆದ ಹಾಗೆ ‘ಢಣ್’ ಎನ್ನುತ್ತದೆ. ಐಡ್ಲಿಂಗ್‌ನಲ್ಲಿ ಬಿಡದೆ ಕಟಕಟ ಸದ್ದು. ಎರಡು ವರ್ಷದ ಹಿಂದೆ ಇದೇ ತೊಂದರೆಗೆ ಕಾಂಪನ್ಸೇಟರ್ ಬದಲಿಸಿದ್ದೆ. ಮತ್ತೆ ಅದೇ ಕಥೆ. ಈ ಸಲ ನಾನೇ ಬದಲಿಸಬಹುದೇ? ಏನೇನು ಗಮನಿಸಬೇಕು?

ಉತ್ತರ: ಬದಲಿಸಬಹುದು. ಆದರೆ ಎರಡೇ ವರ್ಷದಲ್ಲಿ ಎರಡನೇ ಕಾಂಪನ್ಸೇಟರ್ ಸವೆದಿದ್ದರೆ, ಅದನ್ನು ಸವೆಸುತ್ತಿರುವುದು ಬೇರೇನೋ ಇದೆ. ಅದನ್ನು ಹಿಡಿಯದೆ ಮೂರನೆಯದನ್ನು ಹಾಕಿದರೆ ಹಣವೂ ಶ್ರಮವೂ ನೀರುಪಾಲು.

ಈ ಭಾಗದ ಕೆಲಸ ಏನೆಂದು ನೋಡೋಣ. ನಿಮ್ಮ ಎಂಜಿನ್‌ನ ಎರಡು ಸಿಲಿಂಡರ್‌ಗಳ ನಡುವೆ 45 ಡಿಗ್ರಿ ಕೋನ. ಎರಡೂ ಪಿಸ್ಟನ್ ಒಂದೇ ಕ್ರ್ಯಾಂಕ್ ಪಿನ್‌ಗೆ ಜೋಡಿಸಿವೆ. ಹಾಗಾಗಿ ಸಿಡಿತಗಳ ನಡುವಿನ ಅಂತರ ಸಮನಾಗಿಲ್ಲ: ಒಮ್ಮೆ 315 ಡಿಗ್ರಿ, ಇನ್ನೊಮ್ಮೆ 405 ಡಿಗ್ರಿ. ಈ ಏರುಪೇರಿನ ಒದೆತ ನೇರವಾಗಿ ಪ್ರೈಮರಿ ಚೈನ್‌ಗೂ ಗೇರ್‌ಬಾಕ್ಸ್‌ಗೂ ಹೋಗದಂತೆ ತಡೆಯುವುದೇ ಕಾಂಪನ್ಸೇಟರ್. ಆ ಚೈನ್ ಎಳೆಯುವ ಹಲ್ಲುಚಕ್ರ, ಅಂದರೆ ಎಂಜಿನ್ ಸ್ಪ್ರಾಕೆಟ್, ಕ್ರ್ಯಾಂಕ್‌ಶಾಫ್ಟ್‌ಗೆ ಬಿಗಿದುಕೊಂಡಿರುವುದಿಲ್ಲ. ಸ್ವಲ್ಪ ತಿರುಗುವ ಸ್ವಾತಂತ್ರ್ಯ ಅದಕ್ಕಿದೆ. ಅದರ ಮುಖದ ಮೇಲಿನ ದಿಬ್ಬಗಳ ಎದುರಿಗೆ, ಶಾಫ್ಟ್‌ನ ಸ್ಪ್ಲೈನ್ (ಉದ್ದನೆಯ ಏಣುಗಳು) ಮೇಲೆ ಜಾರುವ ಕ್ಯಾಮ್ ಎಂಬ ಇನ್ನೊಂದು ಭಾಗ ಇರುತ್ತದೆ. ಗಟ್ಟಿ ಸ್ಪ್ರಿಂಗ್ ವಾಷರ್‌ಗಳು ಅದನ್ನು ಒತ್ತಿ ಹಿಡಿದಿರುತ್ತವೆ. ಒದೆತ ಬಂದಾಗ ಕ್ಯಾಮ್ ದಿಬ್ಬ ಹತ್ತಿ ಸ್ಪ್ರಿಂಗನ್ನು ಅದುಮುತ್ತದೆ, ಮತ್ತೆ ಇಳಿಯುತ್ತದೆ. ದಿಬ್ಬ ಸವೆದು ಸ್ಪ್ರಿಂಗ್ ಸೋತಾಗ ಆ ಹತ್ತಿ ಇಳಿಯುವಿಕೆ ಲೋಹಕ್ಕೆ ಲೋಹ ಬಡಿಯುವ ಸದ್ದಾಗುತ್ತದೆ. ನೀವು ಕೇಳುತ್ತಿರುವುದು ಬಹುಶಃ ಅದನ್ನೇ.

ಇನ್ನು ಬ್ಯಾಟರಿಯ ವಿಷಯ. ಸ್ಟಾರ್ಟರ್ ಮೋಟರ್ ತಿರುಗಿಸುವುದು ಕ್ಲಚ್ ಬ್ಯಾಸ್ಕೆಟ್‌ನ (ಕ್ಲಚ್‌ನ ಹೊರಗಿನ ಬುಟ್ಟಿಯಂಥ ಭಾಗದ) ಸುತ್ತಲಿನ ಹಲ್ಲುಗಳನ್ನು. ಅಲ್ಲಿಂದ ಬಲ ಚೈನ್ ಮೂಲಕ ಕಾಂಪನ್ಸೇಟರ್‌ಗೆ, ಅಲ್ಲಿಂದ ಕ್ರ್ಯಾಂಕ್‌ಗೆ ಹೋಗುತ್ತದೆ. ಅಂದರೆ ಓಡುವಾಗಿನ ದಾರಿಗೆ ಪೂರ್ತಿ ಉಲ್ಟಾ. ಬ್ಯಾಟರಿಗೆ ಕಸುವಿಲ್ಲದಿದ್ದರೆ ಪಿಸ್ಟನ್ ಕಂಪ್ರೆಷನ್ ದಾಟಲಾರದೆ ನಡುವೆಯೇ ನಿಂತು ಹಿಂದಕ್ಕೆ ಒದೆಯುತ್ತದೆ. ಮುಂದಕ್ಕೆ ತಳ್ಳುವ ಸ್ಟಾರ್ಟರ್, ಹಿಂದಕ್ಕೆ ಒದೆಯುವ ಎಂಜಿನ್, ಇವೆರಡರ ನಡುವೆ ಸಿಕ್ಕಿಬೀಳುವುದು ಕಾಂಪನ್ಸೇಟರ್. ಸ್ಟಾರ್ಟ್ ಮಾಡುವಾಗ ಬರುವ ಆ ಒಂದು ‘ಢಣ್’, ಸಾಮಾನ್ಯ ಓಟದಲ್ಲಿ ಅದು ಎಂದೂ ಕಾಣದಂಥ ಪೆಟ್ಟು. ಹೊಸ ಕಾಂಪನ್ಸೇಟರ್ ಹಾಕಿ ಹಳೆ ಬ್ಯಾಟರಿಯನ್ನೇ ಉಳಿಸಿಕೊಂಡವರು ನನ್ನ ಬಳಿ ಮತ್ತೆ ಬಂದದ್ದು ಒಂದೆರಡು ಸಲವಲ್ಲ.

ಆದ್ದರಿಂದ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.7 ವೋಲ್ಟ್ ಆಸುಪಾಸು ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ 10 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಅದನ್ನು ನಂಬಬೇಡಿ. ಕೇಬಲ್‌ಗಳ ಎರಡೂ ತುದಿಗಳನ್ನು, ವಿಶೇಷವಾಗಿ ಅರ್ಥ್ ಕೇಬಲ್ಲನ್ನು, ಬಿಚ್ಚಿ ಉಜ್ಜಿ ಮತ್ತೆ ಬಿಗಿಯಿರಿ.

ಎರಡನೆಯ ಕಾರಣ ಸವಾರಿಯ ರೀತಿ. 2007ರಲ್ಲಿ ಟೂರಿಂಗ್ ಬೈಕ್‌ಗಳಿಗೆ ಆರು ಗೇರ್ ಬಂದ ಮೇಲೆ ಮೇಲಿನ ಗೇರ್‌ನಲ್ಲಿ ಎಂಜಿನ್ ತೀರಾ ನಿಧಾನವಾಗಿ ತಿರುಗುತ್ತದೆ. ಆರನೇ ಗೇರ್‌ನಲ್ಲಿ 1,800 ಆರ್‌ಪಿಎಂ ಇರುವಾಗ ಥ್ರಾಟಲ್ ತಿರುಚಿ ಏರು ಹತ್ತಿಸುವುದು ನಿಮ್ಮ ರೂಢಿಯಾದರೆ, ಒಂದೊಂದು ಸಿಡಿತವೂ ಕಾಂಪನ್ಸೇಟರ್‌ಗೆ ಒಂದೊಂದು ಪೆಟ್ಟು. ಒಂದು ಗೇರ್ ಇಳಿಸಿ.

ಸದ್ದು ಅಲ್ಲಿಂದಲೇ ಬರುತ್ತಿದೆಯೇ ಎಂದೂ ಖಾತ್ರಿ ಮಾಡಿಕೊಳ್ಳಿ. ಕ್ಲಚ್ ಲಿವರ್ ಒತ್ತಿದಾಗ ಸದ್ದು ಬದಲಾದರೆ ಕ್ಲಚ್ ಅಥವಾ ಗೇರ್‌ಬಾಕ್ಸ್ ಕಡೆ ಹುಡುಕಿ. ಐಡ್ಲಿಂಗ್ ತುಸು ಏರಿಸಿದ ಕೂಡಲೇ ಕಟಕಟ ಅಡಗಿದರೆ ಅನುಮಾನ ಕಾಂಪನ್ಸೇಟರ್ ಮೇಲೆ ಗಟ್ಟಿಯಾಗುತ್ತದೆ. ಪ್ರೈಮರಿ ಆಯಿಲ್ ಇಳಿಸುವಾಗ ಡ್ರೇನ್ ಪ್ಲಗ್‌ನ ಆಯಸ್ಕಾಂತ ನೋಡಿ. ನುಣ್ಣನೆಯ ಬೂದು ಕೆಸರು ಸಹಜ. ಬೆರಳಿಗೆ ಚುಚ್ಚುವ ಚೂರುಗಳು ಸಹಜವಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ಕೈ ಒಳಗಿರುವಾಗ ಸ್ಟಾರ್ಟರ್ ತಿರುಗಿದರೆ ಬೆರಳು ಉಳಿಯುವುದಿಲ್ಲ. ಕವರ್‌ನ ಬೋಲ್ಟ್‌ಗಳ ಉದ್ದ ಬೇರೆಬೇರೆ. ರಟ್ಟಿನ ಮೇಲೆ ಕವರ್‌ನ ಆಕಾರ ಬರೆದು, ಆಯಾ ಜಾಗದಲ್ಲೇ ಚುಚ್ಚಿಡಿ. ನಿಮ್ಮ ಮಾದರಿಯಲ್ಲಿ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸ್ವಯಂಚಾಲಿತ. ಅದನ್ನು ಒತ್ತಿ, ಪಿನ್ ತೂರಿಸಿ ಹಿಡಿದಿಟ್ಟ ಮೇಲೆಯೇ ಬಿಚ್ಚಬೇಕು. ಸ್ಪ್ರಾಕೆಟ್ ಮತ್ತು ಕ್ಲಚ್ ಬ್ಯಾಸ್ಕೆಟ್ ನಡುವೆ ಲಾಕಿಂಗ್ ಬಾರ್ ಇಟ್ಟು ತಿರುಗದಂತೆ ಮಾಡಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಕಾಂಪನ್ಸೇಟರ್ ಬೋಲ್ಟ್‌ಗೆ ಮಾಮೂಲಿ ದಾರ (ಥ್ರೆಡ್), ಆದರೆ ಕ್ಲಚ್ ಹಬ್ ನಟ್‌ಗೆ ಎಡದಾರ. ಅದು ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಎರಡೂ ಸಡಿಲವಾದ ಮೇಲೆ ಸ್ಪ್ರಾಕೆಟ್, ಚೈನ್, ಕ್ಲಚ್ ಮೂರನ್ನೂ ಒಟ್ಟಿಗೆ ಹೊರಗೆಳೆಯಿರಿ.

ಹಳೆಯ ಕ್ಯಾಮ್‌ನ ದಿಬ್ಬಗಳಲ್ಲಿ ಗುಳಿ ಬಿದ್ದಿದೆಯೇ, ಸ್ಪ್ರಿಂಗ್ ವಾಷರ್ ಬಿರುಕು ಬಿಟ್ಟಿದೆಯೇ, ಸ್ಪ್ರಾಕೆಟ್‌ನ ನಡುವಿನ ತೂತಿನ ಒಳಮೈ ಒಣಗಿ ಗೀರು ಬಿದ್ದಿದೆಯೇ ನೋಡಿ. ಒಣಗಿದ ಗುರುತು ಇದ್ದರೆ ಆಯಿಲ್ ಅಲ್ಲಿಗೆ ತಲುಪುತ್ತಿರಲಿಲ್ಲ ಎಂದರ್ಥ. ಹಿಂದೆ ಇರುವ ಆಲ್ಟರ್ನೇಟರ್ ರೋಟರ್‌ನ ಆಯಸ್ಕಾಂತ ಬಲು ಬಲವಾದದ್ದು. ಮತ್ತೆ ಕೂರಿಸುವ ಮುನ್ನ ಅದಕ್ಕೆ ವಾಷರ್, ಸ್ಕ್ರೂ ಏನಾದರೂ ಅಂಟಿಕೊಂಡಿದೆಯೇ ಎಂದು ಕೈಯಾಡಿಸಿ ನೋಡಿ.

ಜೋಡಿಸುವಾಗ ಹೊಸ ಬೋಲ್ಟನ್ನೇ ಬಳಸಿ. ಕ್ರ್ಯಾಂಕ್‌ನ ದಾರದಲ್ಲಿ ಎಣ್ಣೆಯ ಪಸೆ ಇದ್ದರೆ, ಬೋಲ್ಟ್ ಸಡಿಲವಾಗದಂತೆ ತಡೆಯುವ ಕೆಂಪು ಲಾಕಿಂಗ್ ಅಂಟು ಹಿಡಿಯುವುದಿಲ್ಲ. ಬ್ರೇಕ್ ಕ್ಲೀನರ್‌ನಿಂದ ತೊಳೆದು ಪೂರ್ತಿ ಒಣಗಲು ಬಿಡಿ. ಬಿಗಿಯುವುದು ಎರಡು ಹಂತದಲ್ಲಿ: ಮೊದಲು ಸುಮಾರು 135 ನ್ಯೂಟನ್ ಮೀಟರ್, ಆಮೇಲೆ ಸಡಿಲಿಸಿ, ಕೊನೆಗೆ ಅಂತಿಮ ಬಿಗಿತ. ಆ ಅಂತಿಮ ಸಂಖ್ಯೆ ನಿಮ್ಮ ವರ್ಷದ ಮೂಲ ಭಾಗಕ್ಕೂ ಆಮೇಲೆ ಬಂದ ಸುಧಾರಿತ ಕಿಟ್‌ಗೂ ಒಂದೇ ಅಲ್ಲ. ಕಿಟ್ ಜೊತೆ ಬಂದ ಹಾಳೆಯಲ್ಲಿರುವುದೇ ಅಂತಿಮ. ಇಂಪ್ಯಾಕ್ಟ್ ಗನ್ ಬೇಡ, ಟಾರ್ಕ್ ರೆಂಚ್ ಬಳಸಿ. ಎರಡು ವರ್ಷದ ಹಿಂದೆ ನಿಮ್ಮ ಬೋಲ್ಟನ್ನು ಗನ್‌ನಲ್ಲಿ ಬಿಗಿದಿದ್ದರೆ ಅದೂ ಒಂದು ಕಾರಣವಾಗಿರಬಹುದು. ಬಿಚ್ಚುವಾಗ ಎಷ್ಟು ಸುಲಭವಾಗಿ ಸಡಿಲವಾಯಿತು ಎಂದು ಗಮನಿಸಿ.

ಕ್ಲಚ್ ಸರಿಹೊಂದಿಸಿ, ಬೈಕನ್ನು ನೆಟ್ಟಗೆ ನಿಲ್ಲಿಸಿ, ಕ್ಲಚ್‌ನ ಡಯಾಫ್ರಂ ಸ್ಪ್ರಿಂಗ್‌ನ (ತಟ್ಟೆಯಾಕಾರದ ಸ್ಪ್ರಿಂಗ್) ಕೆಳ ಅಂಚಿನವರೆಗೆ ಆಯಿಲ್ ತುಂಬಿ.

ಪ್ರಶ್ನೆ: ಈ ತಲೆನೋವೇ ಬೇಡವೆಂದು ಕಾಂಪನ್ಸೇಟರ್ ತೆಗೆದು ಗಟ್ಟಿ ಸ್ಪ್ರಾಕೆಟ್ ಹಾಕಿದರೆ ಹೇಗೆ? ಸ್ಪೋರ್ಟ್‌ಸ್ಟರ್‌ಗಳಲ್ಲಿ ಅದು ಇಲ್ಲವಲ್ಲ?

ಉತ್ತರ: ಏರ್‌ಕೂಲ್ಡ್ ಸ್ಪೋರ್ಟ್‌ಸ್ಟರ್‌ಗಳಲ್ಲಿ ಇಲ್ಲ ಎನ್ನುವುದು ನಿಜ. ಆದರೆ ಆ ಬೈಕ್ ಹಗುರ, ಎಂಜಿನ್ ಚಿಕ್ಕದು. ಟ್ವಿನ್ ಕ್ಯಾಮ್‌ನ ಕ್ರ್ಯಾಂಕ್, ಪಿನ್ನನ್ನು ಫ್ಲೈವೀಲ್‌ಗಳಿಗೆ ಒತ್ತಿ ಕೂರಿಸಿ ಜೋಡಿಸಿದ್ದು. ಜೋರಾದ ಪೆಟ್ಟಿಗೆ ಎರಡು ಫ್ಲೈವೀಲ್‌ಗಳು ಒಂದಕ್ಕೊಂದು ತಿರುಚಿಕೊಂಡು ನೇರ ತಪ್ಪುತ್ತವೆ. ಹಾಗಾದರೆ ಎಂಜಿನ್ ಪೂರ್ತಿ ಬಿಚ್ಚದೆ ದಾರಿಯಿಲ್ಲ. ಡ್ರ್ಯಾಗ್ ರೇಸ್‌ಗೆ ಕಟ್ಟಿದ ಎಂಜಿನ್‌ನಲ್ಲಿ ಗಟ್ಟಿ ಸ್ಪ್ರಾಕೆಟ್ ಹಾಕುವವರಿದ್ದಾರೆ, ಅವರು ಕ್ರ್ಯಾಂಕನ್ನು ವೆಲ್ಡ್ ಮಾಡಿಸಿರುತ್ತಾರೆ. ದಿನವೂ ಓಡಿಸುವ ಟೂರಿಂಗ್ ಬೈಕ್‌ಗೆ ನಾನಂತೂ ಹಾಕಿಕೊಡುವುದಿಲ್ಲ.