ಹಬ್ಬದ ನಸುಕಿನಲ್ಲಿ ಸಮಾಧಿಯ ಬಳಿ

ಪ್ರಶ್ನೆ: ನಮ್ಮ ನೆರೆಮನೆಯ ಕ್ರೈಸ್ತ ಕುಟುಂಬದವರು ಈಸ್ಟರ್ ದಿನ ನಸುಕಿನಲ್ಲೇ ಹೂವು, ಮೇಣದಬತ್ತಿ ಹಿಡಿದು ಸಮಾಧಿಗಳಿಗೆ ಹೋಗುತ್ತಾರೆ. ಸಂತೋಷದ ಹಬ್ಬದಂದು ಅಲ್ಲಿಗೇಕೆ? ಹಬ್ಬದ ದಿನಾಂಕ ಬದಲಾಗುವುದೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಯೇಸು ಸತ್ತವರೊಳಗಿಂದ ಎದ್ದುಬಂದುದನ್ನು ನೆನೆಯುವ ಈಸ್ಟರ್ ಆರಂಭವಾದದ್ದೇ ಸಮಾಧಿಯ ಬಳಿ. ಬೈಬಲಿನ ಯೋಹಾನನ ಸುವಾರ್ತೆಯ ಪ್ರಕಾರ, ಯೇಸು ಶಿಲುಬೆಯ ಮೇಲೆ ಮಡಿದ ಮೂರನೆಯ ದಿನವಾದ ಭಾನುವಾರ, ಇನ್ನೂ ಕತ್ತಲಿರುವಾಗಲೇ ಆತನ ಶಿಷ್ಯೆ ಮಗ್ದಲದ ಮರಿಯಳು ಆತನ ಸಮಾಧಿಗೆ ಬಂದಳು. ಬರಿದಾದ ಸಮಾಧಿಯ ಮುಂದೆ ಅಳುತ್ತಿದ್ದ ಆಕೆ ಎದುರಿಗೆ ನಿಂತ ಯೇಸುವನ್ನು ತೋಟಗಾರನೆಂದೇ ಭಾವಿಸಿದಳು, ಆತನು ಹೆಸರು ಹಿಡಿದು ಕರೆದಾಗಲಷ್ಟೇ ಗುರುತಿಸಿದಳು. ಇಡೀ ವೃತ್ತಾಂತದಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು ಈ ಗಳಿಗೆಯೇ: ಅಳುವವಳಿಗೆ ಭರವಸೆಯು ಪರಿಚಿತ ದನಿಯಾಗಿ ಬಂದಿತು.

ಯೇಸುವಿನ ಸಂದೇಶ ಸಾರಿದ ಪೌಲನು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯದಲ್ಲಿ ಪುನರುತ್ಥಾನವನ್ನು, ಅಂದರೆ ಸತ್ತವರು ಎದ್ದುಬರುವುದನ್ನು, ಬಿತ್ತನೆಗೆ ಹೋಲಿಸುತ್ತಾನೆ. ಮುಂಗಾರಿನಲ್ಲಿ ಮೆಕ್ಕೆಜೋಳ ಬಿತ್ತುವ ನಿಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣಿಗೆ ಬಿದ್ದ ಕಾಳು ತನ್ನ ರೂಪ ಕಳೆದುಕೊಂಡೇ ಪೈರಾಗುತ್ತದೆ. ತಮ್ಮವರನ್ನು ಮಲಗಿಸಿದ ನೆಲವನ್ನು ನಿಮ್ಮ ನೆರೆಯವರು ಬಿತ್ತಿದ ಹೊಲದಂತೆ ಕಾಣುತ್ತಾರೆ. ಅಗಲಿಕೆಯ ನೋವು ಅವರಿಗೂ ಇದ್ದೇ ಇದೆ. ಎದ್ದುಬಂದ ಯೇಸುವಿನ ಕೈಗಳಲ್ಲಿಯೂ ಮೊಳೆಯ ಗಾಯಗಳಿದ್ದವೆಂದು ಅದೇ ಸುವಾರ್ತೆ ಹೇಳುತ್ತದೆ.

ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್ ಆಗುವುದರಿಂದ, ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬರುತ್ತದೆ.