050 ಅಂತ ಬರೆದ್ರೆ 40 ಯಾಕಾಯ್ತು? ಇಎಸ್‌ಪಿ32ಗೆ ಐಪಿ ಕೊಡೋ ವಿಷ್ಯ

ನಮಸ್ಕಾರ ಸರ್, ನಿಮ್ ಪೋಸ್ಟೂ ಕೆಳಗಿನ ಕಾಮೆಂಟ್‌ಗಳೂ ಎಲ್ಲಾ ಓದಿದೆ. ಈಗ ತಾನೆ ಬಂದವರಿಗೆ ವಿಷ್ಯ ಇಷ್ಟು, ಸರ್ ತೋಟದಲ್ಲಿ ಡ್ರಿಪ್ ವಾಲ್ವ್ ಆನ್ ಆಫ್ ಮಾಡೋಕೆ ಇಎಸ್‌ಪಿ32 ಬೋರ್ಡ್ (ವೈಫೈ ಇರೋ ಪುಟ್ಟ ಕಂಪ್ಯೂಟರ್) ಹಾಕಿದಾರೆ, ಮನೆ ಜಿಯೋ ಫೈಬರ್ ವೈಫೈಗೆ ಕನೆಕ್ಟ್ ಆಗುತ್ತೆ, ಆದ್ರೆ ಕರೆಂಟ್ ಹೋಗಿ ಬಂದಾಗೆಲ್ಲ ಬೋರ್ಡಿನ ಐಪಿ (ನೆಟ್‌ವರ್ಕಲ್ಲಿ ಅದ್ರ ವಿಳಾಸ) ಬದಲಾಗಿ ಫೋನಲ್ಲಿ ಇಟ್ಕೊಂಡ ಪೇಜ್ ತೆರೆಯಲ್ಲ. ಅದಕ್ಕೆ ಐಪಿ ಫಿಕ್ಸ್ ಮಾಡೋಣ ಅಂತ ಕೋಡಲ್ಲಿ 192.168.29.50 ಅಂತ ನೇರ ಬರೆದಿದಾರೆ, ಎರರ್ ಬಂದಿದೆ. ಆಮೇಲೆ ಚುಕ್ಕಿ ಬದಲು ಕಾಮಾ ಹಾಕಿದಾರೆ. ಇಲ್ಲೇ ಒಬ್ರು ಮೂರು ಮೂರು ಅಂಕಿ ಬರೀರಿ ನೀಟಾಗಿರುತ್ತೆ ಅಂದ್ರು, 029 ಅಂತ ಬರೆದಿದ್ದಕ್ಕೆ ಇನ್ನೊಂದು ಎರರ್ ಬಂತು, ಅಲ್ಲಿ ಸೊನ್ನೆ ತೆಗೆದ್ರು, ಕೊನೇಲಿ 050 ಹಾಗೇ ಉಳೀತು, ಕಂಪೈಲ್ ಆಯ್ತು, ಈಗ ಸೀರಿಯಲ್ ಮಾನಿಟರಲ್ಲಿ (ಬೋರ್ಡ್ ಕಳಿಸೋ ಟೆಕ್ಸ್ಟ್ ಕಂಪ್ಯೂಟರಲ್ಲಿ ಕಾಣೋ ಕಿಟಕಿ) 192.168.29.40 ಅಂತ ಬರ್ತಿದೆ. ಈ 40 ಎಲ್ಲಿಂದ ಬಂತು ಅನ್ನೋದು ಪ್ರಶ್ನೆ. ಬೋರ್ಡ್ ಡೂಪ್ಲಿಕೇಟ್ ಇರಬೇಕು ಅಂತ ಒಬ್ರು ಹೇಳಿದಾರೆ, ಬೋರ್ಡಿಂದು ಏನೂ ತಪ್ಪಿಲ್ಲ, ವಾಪಸ್ ಕಳಿಸ್ಬೇಡಿ.

ಫೋನಲ್ಲಿ ಕನ್ನಡ ಕೀಬೋರ್ಡಲ್ಲಿ ಟೈಪ್ ಮಾಡ್ತಿದೀನಿ, ಕೋಡನ್ನೂ ಕನ್ನಡ ಅಕ್ಷರದಲ್ಲೇ ಹಾಕ್ತೀನಿ, ನೀವು ಐಡಿಇಗೆ (ಕೋಡ್ ಬರೆಯೋ ಸಾಫ್ಟ್‌ವೇರ್) ಹಾಕುವಾಗ ಇಂಗ್ಲಿಷಲ್ಲಿ ಹೊಡ್ಕೊಳಿ.

ಮೊದ್ಲು 40ರ ಕಥೆ. ಸಿ ಮತ್ತೆ ಸಿ++ನಲ್ಲಿ ನಂಬರಿನ ಮುಂದೆ ಸೊನ್ನೆ ಇಟ್ರೆ ಅದು ಆಕ್ಟಲ್, ಅಂದ್ರೆ ಎಂಟರ ಲೆಕ್ಕ. 050 ಅಂದ್ರೆ ಐದು ಎಂಟ್ಲಿ ನಲವತ್ತು. ಎಂಟರ ಲೆಕ್ಕದಲ್ಲಿ 8, 9 ಅನ್ನೋ ಅಂಕಿಗಳೇ ಇಲ್ವಲ್ಲ, ಅದಕ್ಕೆ 029 ಬರೆದಾಗ ಕಂಪೈಲರ್ (ಕೋಡನ್ನ ಬೋರ್ಡಿನ ಭಾಷೆಗೆ ಮಾಡೋ ಪ್ರೋಗ್ರಾಂ) ಒಪ್ಪಲಿಲ್ಲ. 050ರಲ್ಲಿ ಅಂಥ ಅಂಕಿ ಇಲ್ಲ, ಹಾಗಾಗಿ ಏನೂ ಮಾತಾಡ್ದೆ ನುಂಗ್ಕೊಂಡು 40 ಮಾಡ್ತು. ಎರರ್ ಬಂದಿದ್ದೇ ಒಳ್ಳೇದಾಯ್ತು ಅನ್ಕೊಳಿ, ನಿಮ್ಮದು 027 ಆಗಿದ್ರೆ ಸದ್ದಿಲ್ದೆ 23 ಆಗಿರೋದು, ಆಮೇಲೆ ನೆಟ್‌ವರ್ಕೇ ಬೇರೆ ಆಗಿ ಇಡೀ ದಿನ ಹುಡುಕ್ಬೇಕಿತ್ತು. ಮುಂದೆ ಸೊನ್ನೆ ಹಾಕೋ ಅಭ್ಯಾಸ ಪೂರ್ತಿ ಬಿಟ್ಬಿಡಿ. ಬೇಕಾದ್ರೆ ಕ್ರೋಮಲ್ಲಿ 192.168.29.050 ಅಂತ ಹೊಡೆದು ಎಂಟರ್ ಕೊಡಿ, ಅಡ್ರೆಸ್ ಬಾರಲ್ಲೂ ಅದು ತಾನಾಗೇ 40 ಆಗೋಗುತ್ತೆ.

ಇನ್ನು ಮೊದಲನೇ ಎರರ್. 192.168.29.50 ಅನ್ನೋದು ನಮಗೆ ಐಪಿ, ಕಂಪೈಲರಿಗೆ ಅದು ಚುಕ್ಕಿ ಜಾಸ್ತಿ ಇರೋ ದಶಮಾಂಶ ಸಂಖ್ಯೆ, ಒಂದು ಸಂಖ್ಯೆಗೆ ಒಂದೇ ಚುಕ್ಕಿ ತಾನೆ, ಎರರ್ ಮೆಸೇಜಲ್ಲೂ ಅದನ್ನೇ ಹೇಳಿರುತ್ತೆ ನೋಡಿ. ಚುಕ್ಕಿ ಏನಿದ್ರೂ ನಾವು ಓದ್ಕೊಳೋಕೆ ಇಟ್ಕೊಂಡಿರೋದು, ಒಳಗಡೆ ಐಪಿವಿ4 ವಿಳಾಸ ಅಂದ್ರೆ ನಾಲ್ಕು ಬೈಟ್, 32 ಬಿಟ್, ಅಷ್ಟೇ. ಆರ್ಡುಯಿನೋದಲ್ಲಿ ಆ ನಾಲ್ಕು ಬೈಟ್ ಇಟ್ಕೊಳೋಕೆ ಐಪಿಅಡ್ರೆಸ್ ಅಂತ ಒಂದು ಕ್ಲಾಸ್ ಇದೆ, ಚುಕ್ಕಿ ಬದಲು ಕಾಮಾ ಹಾಕಿ ನಾಲ್ಕು ನಂಬರ್ ಕೊಡ್ಬೇಕು:

ಐಪಿಅಡ್ರೆಸ್ ನನ್ನಐಪಿ(192, 168, 29, 50);
ಐಪಿಅಡ್ರೆಸ್ ಗೇಟ್‌ವೇ(192, 168, 29, 1);
ಐಪಿಅಡ್ರೆಸ್ ಸಬ್‌ನೆಟ್(255, 255, 255, 0);

ಗೇಟ್‌ವೇ ಅಂದ್ರೆ ಹೊರಗೆ ಹೋಗೋ ಬಾಗಿಲು, ಅಂದ್ರೆ ರೂಟರಿನ ಐಪಿ, ಸಬ್‌ನೆಟ್ ಅಂದ್ರೆ ಐಪಿಯ ಎಷ್ಟು ಭಾಗ ಮನೆ ನೆಟ್‌ವರ್ಕಿಂದು ಅಂತ ಹೇಳೋದು. ಪ್ರತಿ ನಂಬರೂ ಒಂದೊಂದು ಬೈಟ್, 0ಯಿಂದ 255 ಮಾತ್ರ. ಕೈ ತಪ್ಪಿ 300 ಹೊಡೆದ್ರೆ ಎರರ್ ಬರುತ್ತೆ ಅಂತ ನಂಬ್ಕೋಬೇಡಿ, 256 ಕಳೆದು ಮಿಕ್ಕಿದ 44 ಕೂತ್ಕೊಳುತ್ತೆ. ಆರ್ಡುಯಿನೋ ಐಡಿಇಯಲ್ಲಿ ವಾರ್ನಿಂಗ್ ಮೊದಲಿಂದಲೇ ಆಫ್ ಇರುತ್ತೆ, ಪ್ರಿಫರೆನ್ಸಸ್‌ಗೆ ಹೋಗಿ ಕಂಪೈಲರ್ ವಾರ್ನಿಂಗ್ಸ್ ಅನ್ನೋದನ್ನ ಆಲ್ ಮಾಡ್ಕೊಳಿ, ಇಂಥದ್ದು ಕೆಂಪಗೆ ಕಾಣುತ್ತೆ. ಬೇರೆಯವರ ಲೈಬ್ರರಿಗಳ ವಾರ್ನಿಂಗೂ ಸೇರ್ಕೊಂಡು ಉದ್ದ ಬರುತ್ತೆ, ತಲೆ ಕೆಡಿಸ್ಕೋಬೇಡಿ.

ಆ ನಾಲ್ಕು ಬೈಟನ್ನ ಒಂದೇ ದೊಡ್ಡ ನಂಬರಾಗಿಯೂ ತಗೋಬಹುದು, ಕ್ಲಾಸೇ ಅದಕ್ಕೆ ದಾರಿ ಕೊಟ್ಟಿದೆ, ಇಲ್ಲೊಂದು ಮಜಾ ಇದೆ. 192.168.29.50ನ ಪೈಥಾನಿನ ಐಪಿಅಡ್ರೆಸ್ ಮಾಡ್ಯೂಲಿಗೆ ಕೊಟ್ಟು ಇಂಟ್ ಮಾಡಿದ್ರೆ 3232242994 ಬರುತ್ತೆ. ಅದನ್ನೇ ಇಎಸ್‌ಪಿ32ನಲ್ಲಿ ಮಾಡಿದ್ರೆ 840804544. ಎರಡೂ ಸರಿನೇ. ಪೈಥಾನ್ 192ನ ದೊಡ್ಡ ಸ್ಥಾನದಲ್ಲಿ ಇಡುತ್ತೆ, ನಮ್ ಬೋರ್ಡ್ ಲಿಟಲ್ ಎಂಡಿಯನ್, ಮೆಮೊರಿಯಲ್ಲಿ ಮೊದಲು ಬಂದ 192 ಅದಕ್ಕೆ ಅತೀ ಚಿಕ್ಕ ಸ್ಥಾನ, ಕೊನೇ 50 ದೊಡ್ಡ ಸ್ಥಾನ. ಇದ್ರಿಂದ ಏನಾಗುತ್ತೆ ಅಂದ್ರೆ, ಎರಡನೇ ಬೋರ್ಡಿಗೆ 51 ಕೊಡೋಣ ಅಂತ ಆ ದೊಡ್ಡ ನಂಬರಿಗೆ ಒಂದು ಕೂಡಿಸಿದ್ರೆ 192.168.29.51 ಬರಲ್ಲ, 193.168.29.50 ಬರುತ್ತೆ. ಕೊನೇದು ಬದಲಾಯಿಸ್ಬೇಕಾದ್ರೆ ನನ್ನಐಪಿ[3] = 51 ಅಂತ ಬರೀರಿ, ಎಣಿಕೆ ಸೊನ್ನೆಯಿಂದ, ಹಾಗಾಗಿ ನಾಲ್ಕನೇದು 3. ಬೋರ್ಡಿಂದ ಮನೆ ಕಂಪ್ಯೂಟರಿಗೆ ಐಪಿ ಕಳಿಸೋದಿದ್ರೂ ನಂಬರಾಗಿ ಕಳಿಸ್ಬೇಡಿ, ಟೆಕ್ಸ್ಟ್ ಆಗೇ ಕಳಿಸಿ.

ಟೆಕ್ಸ್ಟ್ ಅಂದಾಗ ನೆನಪಾಯ್ತು, ಇನ್ನೊಬ್ರು ಓಎಲ್ಇಡಿಯಲ್ಲಿ (ಬೋರ್ಡಿಗೆ ಹಾಕೋ ಪುಟ್ಟ ಸ್ಕ್ರೀನ್) ಐಪಿ ಬದಲು ಏನೋ ಒಂಬತ್ತಂಕಿ ನಂಬರ್ ಬರುತ್ತೆ ಅಂದಿದ್ರಲ್ಲ, ಅದೂ ಇದೇನೇ. ಸೀರಿಯಲ್.ಪ್ರಿಂಟ್‌ಎಲ್‌ಎನ್ ಒಳಗೆ ನೇರ ಐಪಿ ಕೊಟ್ರೆ ಅದು ಚುಕ್ಕಿ ಹಾಕಿ ನೀಟಾಗಿ ಪ್ರಿಂಟ್ ಮಾಡುತ್ತೆ, ಆ ಕ್ಲಾಸಿಗೆ ತನ್ನನ್ನ ಪ್ರಿಂಟ್ ಮಾಡ್ಕೊಳೋದು ಗೊತ್ತು. ಆದ್ರೆ ಸ್ಟ್ರಿಂಗ್(ವೈಫೈ.ಲೋಕಲ್‌ಐಪಿ()) ಅಂತ ಬರೆದ್ರೆ ಸ್ಟ್ರಿಂಗಿಗೆ ಐಪಿ ಅಂದ್ರೆ ಏನಂತ ಗೊತ್ತಿಲ್ಲ, ಆ ದೊಡ್ಡ ನಂಬರ್ ತಗೊಂಡು ಅದನ್ನೇ ಅಕ್ಷರ ಮಾಡುತ್ತೆ. ವೈಫೈ.ಲೋಕಲ್‌ಐಪಿ().ಟುಸ್ಟ್ರಿಂಗ್() ಅಂತ ಹಾಕಿ, ಸರಿ ಹೋಗುತ್ತೆ. ಇದು ಇಎಸ್‌ಪಿ32, ಇಎಸ್‌ಪಿ8266 ಎರಡರಲ್ಲೂ ಇದೆ. ಹಳೇ ಊನೋ ಬೋರ್ಡಿನ ಕೋರಲ್ಲಿ (ಬೋರ್ಡಿನ ಜೊತೆ ಬರೋ ಮೂಲ ಕೋಡ್) ಟುಸ್ಟ್ರಿಂಗ್ ಇಲ್ಲ, ಅಲ್ಲಿ ನಾಲ್ಕೂ ಬೈಟ್ ಬೇರೆ ಬೇರೆ ತಗೊಂಡು ನಡುವೆ ಚುಕ್ಕಿ ಸೇರಿಸ್ಕೋಬೇಕು.

ಈಗ ಸರ್ ಮುಂದೆ ಮಾಡ್ಬೇಕು ಅಂದಿರೋದು, ಐಪಿನ ಕೋಡಲ್ಲಿ ಬರೆಯೋ ಬದಲು ವೆಬ್ ಪೇಜಲ್ಲಿ ಟೈಪ್ ಮಾಡಿ ಸೇವ್ ಮಾಡೋದು. ಒಳ್ಳೇ ಐಡಿಯಾ, ರೂಟರ್ ಬದಲಾದಾಗ ಲ್ಯಾಪ್‌ಟಾಪ್ ಹೊತ್ಕೊಂಡು ತೋಟಕ್ಕೆ ಹೋಗೋದು ತಪ್ಪುತ್ತೆ. ಅದಕ್ಕೆ ಫ್ರಂಸ್ಟ್ರಿಂಗ್ ಅನ್ನೋ ಫಂಕ್ಷನ್ ಇದೆ, ಚುಕ್ಕಿ ಇರೋ ಟೆಕ್ಸ್ಟ್ ಕೊಟ್ರೆ ಒಡೆದು ನಾಲ್ಕು ಬೈಟ್ ಮಾಡ್ಕೊಳುತ್ತೆ, ಸರಿ ಇದ್ರೆ ಟ್ರೂ ಇಲ್ಲಾಂದ್ರೆ ಫಾಲ್ಸ್. ಬಹಳ ಜನ ಈ ಟ್ರೂ ಫಾಲ್ಸ್ ನೋಡೋದೇ ಇಲ್ಲ, ಯೂಟ್ಯೂಬ್ ಕೋಡಲ್ಲೂ ಹಾಗೇ ಬಿಟ್ಟಿರ್ತಾರೆ. ಅದು ಎಡದಿಂದ ಒಂದೊಂದೇ ಬೈಟ್ ತುಂಬ್ಕೊಂಡು ಹೋಗುತ್ತೆ, ನಡುವೆ ತಪ್ಪು ಸಿಕ್ಕಿದ್ರೆ ಅಲ್ಲೇ ನಿಂತು ಫಾಲ್ಸ್ ಕೊಡುತ್ತೆ, ಆದ್ರೆ ಅಷ್ಟೊತ್ತಿಗೆ ಮೊದಲ ಎರಡು ಬೈಟ್ ಬದಲಾಗಿಬಿಟ್ಟಿರಬಹುದು. ಹಾಗಾಗಿ ಚಾಲ್ತಿಯಲ್ಲಿರೋ ವೇರಿಯಬಲ್ ಮೇಲೆ ನೇರ ಓಡಿಸ್ಬೇಡಿ, ಇನ್ನೊಂದು ತಾತ್ಕಾಲಿಕ ಐಪಿಅಡ್ರೆಸ್ ಇಟ್ಕೊಂಡು ಅದ್ರಲ್ಲಿ ಓಡಿಸಿ, ಟ್ರೂ ಬಂದ್ರೆ ಮಾತ್ರ ಅಸಲಿಗೆ ಕಾಪಿ ಮಾಡಿ:

ಐಪಿಅಡ್ರೆಸ್ ಹೊಸದು;
ಸ್ಟ್ರಿಂಗ್ ಬಂದದ್ದು = ಸರ್ವರ್.ಆರ್ಗ್("ಐಪಿ");
ಬಂದದ್ದು.ಟ್ರಿಮ್();
ಇಫ್ (ಹೊಸದು.ಫ್ರಂಸ್ಟ್ರಿಂಗ್(ಬಂದದ್ದು)) ನನ್ನಐಪಿ = ಹೊಸದು;

ಟ್ರಿಮ್ ಮರೀಬೇಡಿ. ಫೋನ್ ಕೀಬೋರ್ಡ್ ಕೊನೇಲಿ ಒಂದು ಸ್ಪೇಸ್ ತಾನೇ ಸೇರಿಸಿಬಿಡುತ್ತೆ, ಸೀರಿಯಲ್ ಮಾನಿಟರಿಂದ ಓದಿದ್ರೆ ಹೊಸ ಲೈನಿನ ಅಕ್ಷರ ಬಾಲದ ಹಾಗೆ ಬರುತ್ತೆ, ಅಂಕಿ ಚುಕ್ಕಿ ಬಿಟ್ಟು ಇನ್ನೇನೇ ಸಿಕ್ಕಿದ್ರೂ ಫಾಲ್ಸ್. ನಮ್ಮವರಿಗೆ ಇನ್ನೊಂದು ತೊಂದ್ರೆ ಏನಂದ್ರೆ ಕನ್ನಡ ಕೀಬೋರ್ಡಲ್ಲಿ ೧೯೨ ಅಂತ ಕನ್ನಡ ಅಂಕಿಯಲ್ಲಿ ಹೊಡೆದ್ರೆ ಅದೂ ಫಾಲ್ಸೇ, ಲೈಬ್ರರಿ ನೋಡೋದು ಇಂಗ್ಲಿಷ್ ಅಂಕಿ ಮಾತ್ರ. ನಿಮ್ಮ ತಂದೆಯವರು ಬಳಸೋ ಪೇಜ್ ಆದ್ರೆ ತಪ್ಪಾದಾಗ ಬರೀ ಎರರ್ ಅಂತ ತೋರಿಸದೆ "ಇಂಗ್ಲಿಷ್ ಅಂಕಿಯಲ್ಲಿ ಹಾಕಿ" ಅಂತ ಒಂದು ಸಾಲು ತೋರಿಸಿ.

ಇನ್ನೊಂದು ವಿಚಿತ್ರ ಕೇಳಿ, ಕೋಡಲ್ಲಿ 050 ಅಂದ್ರೆ 40 ಆಯ್ತಲ್ಲ, ಅದೇ ಫ್ರಂಸ್ಟ್ರಿಂಗಿಗೆ "192.168.29.050" ಅಂತ ಟೆಕ್ಸ್ಟ್ ಕೊಟ್ರೆ ಅದು ಸೀದಾ 50 ಅಂತ ಓದುತ್ತೆ, ಅದು ಹತ್ತರ ಲೆಕ್ಕ ಮಾತ್ರ ಮಾಡೋದು. ಕ್ರೋಮ್ 40 ಅನ್ನುತ್ತೆ. ಪೈಥಾನ್ ಅಂತೂ 3.9.5 ಇಂದ ಈಚೆಗೆ ಮುಂದೆ ಸೊನ್ನೆ ಇದ್ರೆ ಐಪಿನೇ ಅಲ್ಲ ಅಂತ ತಿರಸ್ಕರಿಸುತ್ತೆ, ಯಾಕಂದ್ರೆ ಒಬ್ರು 50 ಅಂತ ಚೆಕ್ ಮಾಡಿ ಇನ್ನೊಬ್ರು 40ಕ್ಕೆ ಹೋದ್ರೆ ಅದೇ ಸೆಕ್ಯುರಿಟಿ ತೂತು. ನನಗಂತೂ ಪೈಥಾನ್ ಮಾಡಿದ್ದೇ ಸರಿ ಅನ್ಸುತ್ತೆ, ಸಂದೇಹ ಇದ್ರೆ ತಗೋಬಾರ್ದು.

ಸೇವ್ ಮಾಡೋಕೆ ಇಎಸ್‌ಪಿ32ನಲ್ಲಿ ಪ್ರಿಫರೆನ್ಸಸ್ ಲೈಬ್ರರಿ ಬಳಸಿ, ಪುಟ್‌ಯುಇಂಟ್ ಕೊಟ್ಟು ಆ ದೊಡ್ಡ ನಂಬರನ್ನೇ ಇಡಬಹುದು, ಅದೇ ಬೋರ್ಡಲ್ಲಿ ಇಟ್ಟು ಅದೇ ಬೋರ್ಡಲ್ಲಿ ತೆಗೆಯೋದ್ರಿಂದ ಬೈಟ್ ಹಿಂದೆ ಮುಂದೆ ಆಗೋ ಭಯ ಇಲ್ಲ. ಓದುವಾಗ 0 ಬಂದ್ರೆ ಇನ್ನೂ ಯಾರೂ ಐಪಿ ಹಾಕಿಲ್ಲ ಅಂತ ತಿಳ್ಕೊಂಡು ರೂಟರ್ ಕೊಟ್ಟಿದ್ದೇ ತಗೋಳೋ ಹಾಗೆ ಬರೀರಿ. ಹಳೇ ಈಈಪ್ರಾಮ್ ಲೈಬ್ರರಿ ಆದ್ರೆ ಖಾಲಿ ಜಾಗ 255.255.255.255 ಅಂತ ಬರುತ್ತೆ, ಅದಕ್ಕೂ ಒಂದು ಚೆಕ್ ಇರ್ಲಿ.

ಇಷ್ಟಾದ್ಮೇಲೆ ವೈಫೈ.ಬಿಗಿನ್‌ಗಿಂತ ಮೊದ್ಲು ಈ ಸಾಲು ಬರ್ಬೇಕು:

ವೈಫೈ.ಕಾನ್ಫಿಗ್(ನನ್ನಐಪಿ, ಗೇಟ್‌ವೇ, ಸಬ್‌ನೆಟ್, ಗೇಟ್‌ವೇ);

ಕೊನೇಲಿ ಗೇಟ್‌ವೇ ಎರಡನೇ ಸಲ ಬಂದಿದ್ದು ಟೈಪ್ ಮಿಸ್ಟೇಕ್ ಅಲ್ಲ, ಅದು ಡಿಎನ್‌ಎಸ್ ಜಾಗ. ಮನೆ ರೂಟರೇ ಸಾಮಾನ್ಯವಾಗಿ ಡಿಎನ್‌ಎಸ್ ಕೆಲ್ಸನೂ ಮಾಡುತ್ತೆ, ಬೇಡ ಅಂದ್ರೆ 8.8.8.8 ಹಾಕಿ. ಇದನ್ನ ಬಿಟ್ರೆ ಬೋರ್ಡ್ ಕನೆಕ್ಟ್ ಆಗುತ್ತೆ, ಪೇಜ್ ತೆರೆಯುತ್ತೆ, ಎಲ್ಲಾ ಸರಿ ಇದೆ ಅನ್ಸುತ್ತೆ, ಆದ್ರೆ ಇಂಟರ್ನೆಟ್ಟಿಂದ ಟೈಮ್ ತಗೋಳೋದು ಮಾತ್ರ ಆಗಲ್ಲ, ಹೆಸರನ್ನ ಐಪಿ ಮಾಡ್ಕೊಡೋರು ಯಾರೂ ಇಲ್ವಲ್ಲ. ಬೆಳಿಗ್ಗೆ 6ಕ್ಕೆ ವಾಲ್ವ್ ತೆಗೀಬೇಕು ಅಂತ ಟೈಮರ್ ಇಟ್ಟಿದ್ರೆ ಬೋರ್ಡು ಇನ್ನೂ 1970ರಲ್ಲೇ ಇರುತ್ತೆ. ಸ್ಟ್ಯಾಟಿಕ್ ಐಪಿ ಹಾಕಿದ್ಮೇಲೆ ಟೈಮರ್ ಕೆಟ್ಟೋಯ್ತು ಅನ್ನೋರೆಲ್ಲ ಮೊದ್ಲು ಇದನ್ನ ನೋಡಿ.

ಆರ್ಡರ್ ವಿಷ್ಯದಲ್ಲೂ ಹುಷಾರು. ಈಥರ್ನೆಟ್ ಲೈಬ್ರರಿಯಲ್ಲಿ ಮ್ಯಾಕ್, ಐಪಿ, ಡಿಎನ್‌ಎಸ್, ಗೇಟ್‌ವೇ, ಸಬ್‌ನೆಟ್ ಹೀಗೆ ಬರುತ್ತೆ, ಇಲ್ಲಿ ಐಪಿ, ಗೇಟ್‌ವೇ, ಸಬ್‌ನೆಟ್, ಡಿಎನ್‌ಎಸ್. ಎಲ್ಲವೂ ಐಪಿಅಡ್ರೆಸ್ಸೇ ಆಗಿರೋದ್ರಿಂದ ಅದಲು ಬದಲಾದ್ರೂ ಕಂಪೈಲರ್ ತುಟಿ ಬಿಚ್ಚಲ್ಲ. ಇಎಸ್‌ಪಿ8266 ಕೋರ್ ಬರೆದವರು ಇದಕ್ಕೊಂದು ಜಾಣತನ ಮಾಡಿದಾರೆ, ಮೂರನೇದರ ಮೊದಲ ಬೈಟ್ 255 ಇದೆಯಾ ಅಂತ ನೋಡಿ, ಇದ್ರೆ ಅದು ಸಬ್‌ನೆಟ್, ಇಲ್ಲಾಂದ್ರೆ ಬರೆದವರು ಆರ್ಡುಯಿನೋ ಆರ್ಡರಲ್ಲಿ ಬರೆದಿದಾರೆ ಅಂತ ತಾವೇ ಸರಿ ಮಾಡ್ಕೊಳ್ತಾರೆ. ಅದನ್ನ ನಂಬ್ಕೊಂಡು ಕೂರೋದು ಬೇಡ.

ನಿಮ್ಮ ಸ್ಕ್ರೀನ್‌ಶಾಟಲ್ಲಿ ಗೇಟ್‌ವೇ 192.168.1.1 ಅಂತ ಇದೆ, ಬಹುಶಃ ಯಾವುದೋ ಎಕ್ಸಾಂಪಲಿಂದ ಕಾಪಿ ಆಗಿದೆ. ಜಿಯೋ ಫೈಬರಲ್ಲಿ ಅದು 192.168.29.1. ಐಪಿ 29ರಲ್ಲಿ ಗೇಟ್‌ವೇ 1ರಲ್ಲಿ ಇದ್ರೆ ಎರಡೂ ಒಂದೇ ನೆಟ್‌ವರ್ಕಲ್ಲಿ ಇಲ್ಲ, ಬೋರ್ಡಿಗೆ ಹೊರಗೆ ಹೋಗೋ ದಾರಿನೇ ಸಿಗಲ್ಲ. ಸೇವ್ ಮಾಡೋ ಮುಂಚೆ ಕೋಡಲ್ಲೇ ಚೆಕ್ ಮಾಡ್ಬಹುದು, ಐಪಿಯನ್ನ ಸಬ್‌ನೆಟ್ ಜೊತೆ ಆಂಡ್ (& ಚಿಹ್ನೆ, ಬಿಟ್‌ಗೆ ಬಿಟ್ ನೋಡೋ ಲೆಕ್ಕ) ಮಾಡಿ, ಗೇಟ್‌ವೇನೂ ಸಬ್‌ನೆಟ್ ಜೊತೆ ಆಂಡ್ ಮಾಡಿ, ಎರಡೂ ಒಂದೇ ಬಂದ್ರೆ ಸರಿ. ಈ ಲೆಕ್ಕಕ್ಕೆ ಆ ದೊಡ್ಡ ನಂಬರೇ ಬಳಸಿ, ಬೈಟ್ ತಿರುಗಾಮುರುಗಾ ಇದ್ರೂ ಎಲ್ಲದ್ರಲ್ಲೂ ಒಂದೇ ಥರ ಇರೋದ್ರಿಂದ ಉತ್ತರ ತಪ್ಪಲ್ಲ.

ಐಫೋನ್ ಹಾಟ್‌ಸ್ಪಾಟಲ್ಲಿ ಟೆಸ್ಟ್ ಮಾಡೋರಿಗೆ ಒಂದು ಮಾತು, ಅದ್ರ ಗೇಟ್‌ವೇ 172.20.10.1, ಸಬ್‌ನೆಟ್ 255.255.255.240, ಅಂದ್ರೆ 2ರಿಂದ 14ರವರೆಗೆ ಮಾತ್ರ ಜಾಗ, ಅಲ್ಲಿ 50 ಅಂತ ಕೇಳಿದ್ರೆ ಇಲ್ಲ. ಬೋರ್ಡನ್ನೇ ಹಾಟ್‌ಸ್ಪಾಟ್ ಮಾಡಿದ್ರೆ ಅದ್ರ ಐಪಿ ತಾನಾಗೇ 192.168.4.1.

ಇಷ್ಟೆಲ್ಲ ಹೇಳಿದ್ಮೇಲೂ ನನ್ನ ಅಭಿಪ್ರಾಯ ಕೇಳಿದ್ರೆ ಐಪಿನ ಬೋರ್ಡಲ್ಲಿ ಫಿಕ್ಸ್ ಮಾಡೋಕಿಂತ ರೂಟರಲ್ಲಿ ಮಾಡೋದು ವಾಸಿ. ಈಗಿನ ಹಾಗೆ ಮಾಡಿದ್ರೆ ನೀವು 50 ಇಟ್ಕೊಂಡಿದ್ದು ರೂಟರಿಗೆ ಗೊತ್ತಿಲ್ಲ, ಬೋರ್ಡ್ ಆಫ್ ಇದ್ದಾಗ ಅದನ್ನೇ ಬಂದ ನೆಂಟರ ಫೋನಿಗೆ ಕೊಟ್ಟಿರುತ್ತೆ, ಆಮೇಲೆ ಎರಡೂ ಜಗಳ. ರೂಟರ್ ಪೇಜಲ್ಲಿ ಡಿಎಚ್‌ಸಿಪಿ (ರೂಟರ್ ತಾನೇ ಐಪಿ ಹಂಚೋದು) ಭಾಗಕ್ಕೆ ಹೋಗಿ ಬೋರ್ಡಿನ ಮ್ಯಾಕ್ ಅಡ್ರೆಸ್‌ಗೆ (ಬೋರ್ಡಿನದೇ ಆದ ಗುರುತಿನ ನಂಬರ್) ಇಂಥ ಐಪಿ ಅಂತ ರಿಸರ್ವ್ ಮಾಡೋ ಆಪ್ಶನ್ ಇದ್ರೆ ಕೋಡಲ್ಲಿ ಕಾನ್ಫಿಗ್ ಸಾಲೇ ಬೇಡ, ತೆಗೆದ್ಹಾಕಿ. ಇಲ್ಲಾಂದ್ರೆ ಡಿಎಚ್‌ಸಿಪಿ ರೇಂಜ್ ಎಲ್ಲಿಂದ ಎಲ್ಲಿವರೆಗೆ ಇದೆ ನೋಡಿ, ಅದನ್ನ ಸ್ವಲ್ಪ ಕಿರಿದು ಮಾಡಿ, ರೇಂಜಿನ ಆಚೆ ಇರೋ ನಂಬರ್ ತಗೊಳಿ. ತೋಟ.ಲೋಕಲ್ ಅಂತ ಹೆಸರಿಟ್ಟು ಎಂಡಿಎನ್‌ಎಸ್ (ಮನೆ ನೆಟ್‌ವರ್ಕಲ್ಲಿ ಐಪಿ ಬದಲು ಹೆಸರಲ್ಲೇ ಹುಡುಕೋದು) ಮಾಡಿ ಅಂತನೂ ಒಬ್ರು ಹೇಳಿದ್ರು, ಚೆನ್ನಾಗೇ ಇದೆ, ಹಳೇ ಆಂಡ್ರಾಯ್ಡ್ ಫೋನಲ್ಲಿ ತೆರೆಯಲ್ಲ ಅಷ್ಟೇ.

ಬೆಂಗಳೂರಿಂದ ವಾಲ್ವ್ ತೆಗೆಯೋ ಆಸೆ ಇದೆ ಅಂದ್ರಲ್ಲ ಸರ್, ಅದಕ್ಕೆ ಈ 192.168 ಯಾವುದೂ ಆಗಲ್ಲ, ಅದು ಮನೆಯೊಳಗಿನ ವಿಳಾಸ, ಊರಲ್ಲಿ ಎಷ್ಟೋ ಮನೇಲಿ ಅದೇ ಇರುತ್ತೆ. ರೂಟರಿನ ಹೊರಗಿನ ಐಪಿ 100.64ರಿಂದ 100.127ರ ನಡುವೆ ಇದ್ರೆ ಪೋರ್ಟ್ ಫಾರ್ವರ್ಡಿಂಗೂ (ಹೊರಗಿಂದ ಬಂದಿದ್ದನ್ನ ರೂಟರ್ ಬೋರ್ಡಿಗೆ ದಾಟಿಸೋದು) ಕೆಲ್ಸ ಮಾಡಲ್ಲ, ಕಂಪನಿಯವರು ಬಹಳ ಜನಕ್ಕೆ ಒಂದೇ ಪಬ್ಲಿಕ್ ಐಪಿ ಹಂಚಿರ್ತಾರೆ. ಅದಕ್ಕೆ ಎಂಕ್ಯೂಟಿಟಿ (ಇಂಥ ಬೋರ್ಡುಗಳು ಸರ್ವರ್ ಮೂಲಕ ಚಿಕ್ಕ ಮೆಸೇಜ್ ಕಳಿಸೋ ವಿಧಾನ) ನೋಡಿ, ಅಲ್ಲಿ ಬೋರ್ಡೇ ಹೊರಗಿನ ಸರ್ವರಿಗೆ ಫೋನ್ ಹಚ್ಕೊಂಡು ಕೂತಿರುತ್ತೆ, ಬೋರ್ಡಿನ ಐಪಿ ಯಾವುದಿದ್ರೂ ನಡೆಯುತ್ತೆ.

ಸದ್ಯಕ್ಕೆ 050ರ ಸೊನ್ನೆ ತೆಗೀರಿ, ಗೇಟ್‌ವೇ 192.168.29.1 ಮಾಡಿ, ಡಿಎನ್‌ಎಸ್ ಸೇರಿಸಿ ಅಪ್‌ಲೋಡ್ ಮಾಡಿ. ಆಮೇಲೆ ಸೀರಿಯಲ್ ಮಾನಿಟರಿನ ಫೋಟೋ ಮತ್ತೆ ರೂಟರಿನ ಡಿಎಚ್‌ಸಿಪಿ ಪೇಜಿನ ಫೋಟೋ ಇಲ್ಲೇ ಹಾಕಿ, ಹೋದ್ಸಲದ ಸ್ಕ್ರೀನ್‌ಶಾಟಲ್ಲಿ ವೈಫೈ ಪಾಸ್‌ವರ್ಡ್ ಕಾಣ್ತಿದೆ, ಅದನ್ನ ಡಿಲೀಟ್ ಮಾಡಿ.