ಬಾವುಟ ಹನ್ನೆರಡು ಇವೆ, ಸಾಲ ಯಾರದು ಅಂತ ಎಲ್ಲೂ ಇಲ್ಲ

ನೀವು ಕಳಿಸಿದ ಬಾಹ್ಯಾಕಾಶದ ಕ್ಯಾಂಪೇನ್, ಅಂದ್ರೆ ಆಟಗಾರರು ಪಾತ್ರ ವಹಿಸಿ ಆಡುವ ಆಟದ ಕಥೆ, ಪೂರ್ತಿ ಓದಿದೆ. ಸುಮ್ನೆ ಸುತ್ತಿ ಬಳಸಿ ಹೇಳಲ್ಲ, ಈಗಿರುವ ಹಾಗೆ ತಗೊಳ್ಳೋಕೆ ಆಗಲ್ಲ. ಮಂಗಳ, ಗುರು ಗ್ರಹಗಳ ನಡುವೆ ಸುತ್ತುವ ಸೆರೆಸ್ ಅನ್ನೋ ಕುಬ್ಜ ಗ್ರಹದ ಮೇಲೆ ನೆಲೆ ನಿಂತ ಹನ್ನೆರಡು ಕುಲ, ಕುಲಕ್ಕೊಂದು ಬಾವುಟ, ಒಂದು ದೇವರು, ಎಲ್ಲರ ಮೇಲೊಬ್ಬ ಚಕ್ರವರ್ತಿ. ಪುಟಗಟ್ಟಲೆ ಇದೇ. ವ್ಯಾಪಾರಕ್ಕೆ ಮಾತ್ರ ಒಂದೇ ಸಾಲು: ಸೆರೆಸ್‌ನವರು ಮಂಗಳಕ್ಕೆ ನೀರು ಮಾರುತ್ತಾರೆ, ವಾರಕ್ಕೊಂದು ಹಡಗು ಹೋಗುತ್ತದೆ.

ಮಂಗಳದಲ್ಲೇ ಬೇಕಾದಷ್ಟು ಹಿಮ ಇದೆಯಲ್ರೀ, ಅವರು ಯಾಕೆ ಕೊಳ್ಳಬೇಕು? ಆಟಗಾರರು ಮೊದಲ ದಿನವೇ ಕೇಳುತ್ತಾರೆ. ಉತ್ತರ ಇದೆ, ನೀವು ಬರೆದಿಲ್ಲ ಅಷ್ಟೇ. ಮಂಗಳದ ಹಿಡಿತದಿಂದ ಪಾರಾಗಲು ಸೆಕೆಂಡಿಗೆ 5 ಕಿ.ಮೀ. ವೇಗ ಬೇಕು, ಸೆರೆಸ್‌ನಿಂದ ಅರ್ಧ ಕಿ.ಮೀ. ಸಾಕು. ಮಂಗಳದ ನೆಲದಿಂದ ನೀರು ಮೇಲೆತ್ತೋದೇ ಕಷ್ಟ. ಹಾಗಾಗಿ ನೆಲದ ಮೇಲಿನವರಿಗೆ ಮಾರಬೇಡಿ, ಮಂಗಳವನ್ನು ಸುತ್ತುತ್ತಿರುವ ನಿಲ್ದಾಣಕ್ಕೆ ಮಾರಿ. ಅಲ್ಲಿ ನೀರನ್ನು ಒಡೆದರೆ ಹೈಡ್ರೋಜನ್, ಆಕ್ಸಿಜನ್, ಅಂದ್ರೆ ರಾಕೆಟ್ ಇಂಧನ.

ಇನ್ನು ವಾರಕ್ಕೊಂದು ಹಡಗು. ನಿಮ್ಮದು ಸಾಮಾನ್ಯ ರಾಕೆಟ್ಟೇ ಆದರೆ, ಕಡಿಮೆ ಇಂಧನದಲ್ಲಿ ಸೆರೆಸ್‌ನಿಂದ ಮಂಗಳಕ್ಕೆ ಹೊರಡುವ ಸಮಯ ಬರೋದು ಸುಮಾರು 38 ತಿಂಗಳಿಗೊಮ್ಮೆ. ದಾರಿಯೇ ಒಂದೂವರೆ ವರ್ಷ. ರೇಡಿಯೋದಲ್ಲಿ ರೇಟು ಕೇಳಿ ಉತ್ತರ ಬರೋಕೆ ಒಮ್ಮೊಮ್ಮೆ ಒಂದು ತಾಸು ದಾಟುತ್ತದೆ, ಚೌಕಾಸಿ ಮಾಡೋದು ಎಲ್ಲಿಂದ ಬಂತು? ಅಲ್ಲಿ ಕೂತ ದಲಾಲಿ ಹೇಳಿದ್ದೇ ರೇಟು.

ನೀವು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವರು, ದ್ರಾಕ್ಷಿ ಬೆಳೆಯುವ ಊರಿನವರು ಅಂತ ಬರೆದಿದ್ದೀರಿ, ಇದನ್ನು ನಾನು ಬಿಡಿಸಿ ಹೇಳಬೇಕಾ? ನಾಲ್ಕು ಕಿಲೋ ದ್ರಾಕ್ಷಿ ಶೆಡ್‌ನಲ್ಲಿ ಒಣಗಿ ಒಂದು ಕಿಲೋ ಒಣದ್ರಾಕ್ಷಿಗೆ ಇಳಿಯುತ್ತದೆ. ಕೈಯಲ್ಲಿ ದುಡ್ಡಿದ್ದವರು ಅದನ್ನು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ರೇಟು ಏರಲಿ ಅಂತ ಕಾಯುತ್ತಾರೆ. ಗೊಬ್ಬರ, ಔಷಧ ಎಲ್ಲ ಉದ್ರಿ ತಂದವರು ಬಂದ ರೇಟಿಗೆ ಕೊಟ್ಟು ಮನೆಗೆ ಹೋಗುತ್ತಾರೆ. ನಿಮ್ಮ ಸೆರೆಸ್‌ನ ಜನ ಬೇರೆ ಬೇರೆ ಆಗಬೇಕಾದದ್ದು ಇಲ್ಲಿ: 38 ತಿಂಗಳು ಟ್ಯಾಂಕ್ ತುಂಬಿಟ್ಟುಕೊಂಡು ಕಾಯಬಲ್ಲವರು ಯಾರು, ಮುಂಗಡ ತಿಂದು ಕೂತವರು ಯಾರು. ಹನ್ನೆರಡು ಕುಲ ಬೇಡ, ಮೂರಿದ್ದರೇ ಜಾಸ್ತಿ ಆಯಿತು. ಚಕ್ರವರ್ತಿಯನ್ನಂತೂ ತೆಗೆದೇಬಿಡಿ, ಅವನಿಗೆ ಕೆಲಸವೇ ಇಲ್ಲ.

ಒಂದು ಜಾಗದಲ್ಲಿ ಮಾತ್ರ ನಾನು ಎದ್ದು ಕೂತೆ. ಮದುವೆಯಲ್ಲಿ ಹುಡುಗಿಯ ಉಡಿಯಲ್ಲಿ ಗಾಳಿ ಸೋಸುವ ಫಿಲ್ಟರ್ ಇಟ್ಟು ಉಡಿ ತುಂಬುತ್ತಾರೆ ಅಂತ ಬರೆದಿದ್ದೀರಲ್ಲ, ಅದು. ಎಷ್ಟು ಚೆನ್ನಾಗಿದೆ! ಆದರೆ ಮುಂದಿನ ಪುಟದಲ್ಲೇ ಅದೇ ಫಿಲ್ಟರ್ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಅಷ್ಟು ಸುಲಭಕ್ಕೆ ಸಿಗೋದನ್ನು ಉಡಿಯಲ್ಲಿ ಯಾರು ಇಡುತ್ತಾರೆ? ಅದು ಭೂಮಿಯಿಂದಲೇ ಬರಬೇಕು ಅಂತ ಮಾಡಿ. ಹಡಗು ಬಂದ ವರ್ಷವೇ ಮದುವೆಗಳು ನಡೆಯಲಿ. ಹುಡುಗನ ಮನೆಯವರು ಆ ಫಿಲ್ಟರ್‌ಗೆ ಮುಂದಿನ ಹಡಗಿನ ನೀರನ್ನೇ ಅಡವಿಟ್ಟಿರಲಿ. ಸಂಸ್ಕೃತಿ ಅಂತ ಬೇರೆ ಅಧ್ಯಾಯ ಬೇಕಾಗಲ್ಲ.

ಮತ್ತೆ ಕಳಿಸುವಾಗ ಇಷ್ಟು ಮಾಡಿ. ಒಂದು ಪುಟದ ರೇಟು ಪಟ್ಟಿ, ಹಡಗು ಬಂದ ತಿಂಗಳು ಎಷ್ಟು, ಬರುವ ಮುಂಚೆ ಎಷ್ಟು. ಆಮೇಲೆ ಮೊದಲ ಸೆಷನ್: ಆಟಗಾರರ ಕೈಗೆ ಹಡಗು ಕೊಡಿ, ಅದರ ಸಾಲದ ಕಾಗದವನ್ನೂ ಕೊಡಿ, ಸಾಲ ಕೊಟ್ಟವನ ಮಗಳ ಮದುವೆಗೆ ಕರೆಸಿ. ನಕ್ಷೆಗಳು ಚೆನ್ನಾಗಿವೆ, ಅವನ್ನು ಮುಟ್ಟಬೇಡಿ.